ಮೊದಲ ಉಳಿತಾಯ ಎಲ್ಲಿಡಬೇಕು? ಆರ್‌ಡಿ, ಪಿಗ್ಮಿ, ಚೀಟಿ, ಚಿನ್ನ, ಎಸ್‌ಐಪಿಗಳ ನಡುವೆ ಆಯ್ಕೆ

ಹಣ ಉಳಿಸಲು ಹೊರಟ ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಎಲ್ಲಿಟ್ಟರೆ ಬಡ್ಡಿ ಜಾಸ್ತಿ? ಹತ್ತಾರು ಲಕ್ಷ ಇಟ್ಟುಕೊಂಡವರು ಕೇಳಬೇಕಾದ ಪ್ರಶ್ನೆ ಅದು. ವಿದ್ಯಾರ್ಥಿವೇತನದಲ್ಲಿ, ಅಪ್ರೆಂಟಿಸ್ ಭತ್ಯೆಯಲ್ಲಿ, ಸಂಜೆ ಹೊತ್ತು ಅಂಗಡಿಯಲ್ಲಿ ದುಡಿದ ಸಂಬಳದಲ್ಲಿ ತಿಂಗಳಿಗೆ ಸಾವಿರವೋ ಎರಡು ಸಾವಿರವೋ ಮಿಗಿಸುವವರಿಗೆ ಅದು ನಾಲ್ಕನೆಯ ಪ್ರಶ್ನೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದವು ಮೂರಿವೆ. ಈ ಹಣ ನನಗೆ ಯಾವಾಗ ಬೇಕು? ಅದು ಯಾರ ಕೈಯಲ್ಲಿರುತ್ತದೆ, ಅವರು ಕೈಯೆತ್ತಿದರೆ ಯಾರನ್ನು ಕೇಳಬೇಕು? ನಡುವೆಯೇ ಬಿಡಿಸಿಕೊಂಡರೆ ಎಷ್ಟು ಕಳೆಯುತ್ತದೆ?

ಬಡ್ಡಿಯನ್ನು ಏಕೆ ಹಿಂದಕ್ಕೆ ತಳ್ಳುತ್ತಿದ್ದೇನೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ತಿಂಗಳಿಗೆ 2,000 ರೂಪಾಯಿಯಂತೆ ಒಂದು ವರ್ಷ ಉಳಿಸಿದರೆ ಅಸಲು 24,000. ಶೇ 2.5 ಬಡ್ಡಿಯ ಎಸ್‌ಬಿ (ಉಳಿತಾಯ) ಖಾತೆಯಲ್ಲಿ ಸುಮ್ಮನೆ ಬಿಟ್ಟರೂ ವರ್ಷದ ಕೊನೆಗೆ ಸುಮಾರು 325 ರೂಪಾಯಿ ಸೇರುತ್ತದೆ. ಶೇ 6ರ ಆರ್‌ಡಿಯಲ್ಲಿ, ಅಂದರೆ ತಿಂಗಳ ಕಂತಿನ ಠೇವಣಿಯಲ್ಲಿ, ಕಟ್ಟಿದರೆ ಸುಮಾರು 780. ಇಲ್ಲಿ ಬಹಳ ಮಂದಿ ಎಡವುತ್ತಾರೆ: 24,000ಕ್ಕೆ ಶೇ 6 ಎಂದರೆ 1,440 ಬರಬೇಕಲ್ಲ ಎನ್ನುತ್ತಾರೆ. ಮೊದಲ ಕಂತು ಮಾತ್ರ ಹನ್ನೆರಡು ತಿಂಗಳು ದುಡಿಯುತ್ತದೆ, ಕೊನೆಯ ಕಂತು ಒಂದೇ ತಿಂಗಳು. ಸರಾಸರಿ ಆರೂವರೆ ತಿಂಗಳು. ಅಂದರೆ ಎರಡು ಆಯ್ಕೆಗಳ ನಡುವಿನ ಅಂತರ ವರ್ಷಕ್ಕೆ 455 ರೂಪಾಯಿ. ಬೇಡವೆನ್ನುವ ಮೊತ್ತವಲ್ಲ, ಆದರೆ ಅದಕ್ಕಾಗಿ 24,000 ರೂಪಾಯಿಯನ್ನೇ ಪಣಕ್ಕಿಡುವಷ್ಟು ದೊಡ್ಡದೂ ಅಲ್ಲ. ಚೀಟಿ ನಡೆಸುವವರು ಊರು ಬಿಟ್ಟರೆ ಹೋಗುವುದು 455 ಅಲ್ಲ, ಇಡೀ ಗಂಟು.

ಕೆಳಗಿನ ಬಡ್ಡಿ ದರಗಳೆಲ್ಲ ಇದನ್ನು ಬರೆಯುವ ಹೊತ್ತಿನವು. ಅಂಚೆ ಕಚೇರಿಯ ದರಗಳನ್ನು ಕೇಂದ್ರ ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ; ಬ್ಯಾಂಕುಗಳು ತಮಗೆ ಬೇಕೆಂದಾಗ ಬದಲಿಸುತ್ತವೆ.

ಎಸ್‌ಬಿ ಖಾತೆ: ದುಡಿಮೆಗಲ್ಲ, ಕೈಗೆಟುಕಲು

ಉಳಿತಾಯ ಖಾತೆಯನ್ನು ಹೂಡಿಕೆಯೆಂದು ಎಣಿಸಬೇಡಿ. ಬೆಲೆಗಳು ವರ್ಷಕ್ಕೆ ಶೇ 4ರಷ್ಟು ಏರುತ್ತವೆ ಎಂದಿಟ್ಟುಕೊಳ್ಳಿ (ರಿಸರ್ವ್ ಬ್ಯಾಂಕ್ ಹಣದುಬ್ಬರಕ್ಕೆ ಇಟ್ಟುಕೊಂಡ ಗುರಿಯೇ ಅದು, ಅದರ ಮೇಲೆ ಕೆಳಗೆ ಎರಡೆರಡು ಶೇಕಡಾ ಅಂಕ ಬಿಟ್ಟು). ಆಗ ಶೇ 2.5 ಬಡ್ಡಿ ಪಡೆಯುವ ಹಣದ ಕೊಳ್ಳುವ ಶಕ್ತಿ ವರ್ಷ ವರ್ಷ ಕರಗುತ್ತಲೇ ಇರುತ್ತದೆ. ಆದರೂ ಈ ಖಾತೆ ಬೇಕೇ ಬೇಕು. ನಡುರಾತ್ರಿ ಆಸ್ಪತ್ರೆಗೆ ಓಡಬೇಕಾದಾಗ, ಪರೀಕ್ಷಾ ಶುಲ್ಕದ ಕೊನೆಯ ದಿನ ನಾಳೆ ಎಂದು ಗೊತ್ತಾದಾಗ, ಎತ್ತಿಕೊಳ್ಳಲು ಬರುವ ಹಣ ಇದೊಂದೇ. ಎರಡು ತಿಂಗಳ ಖರ್ಚಿನಷ್ಟು ಇಲ್ಲಿ ನಿಲ್ಲಲಿ. ಉಳಿದ ಆಯ್ಕೆಗಳೆಲ್ಲ ಅದಾದ ಮೇಲಿನ ಮಾತು.

ಖಾತೆ ತೆರೆಯುವಾಗ ಕೇಳಬೇಕಾದದ್ದು ಬಡ್ಡಿಯನ್ನಲ್ಲ, ಕನಿಷ್ಠ ಬಾಕಿಯನ್ನು. ಸ್ಟೇಟ್ ಬ್ಯಾಂಕ್ 2020ರಲ್ಲೇ ಕನಿಷ್ಠ ಬಾಕಿಯ ದಂಡ ಕೈಬಿಟ್ಟಿತು, ಕೆನರಾ ಬ್ಯಾಂಕ್ 2025ರ ಜೂನ್‌ನಿಂದ. ಕೆಲವು ಖಾಸಗಿ ಬ್ಯಾಂಕುಗಳಲ್ಲಿ ಸಾವಿರಗಟ್ಟಲೆ ಹಣ ಸದಾ ಖಾತೆಯಲ್ಲೇ ಕೂತಿರಬೇಕು, ಕಡಿಮೆಯಾದರೆ ದಂಡ. ಶೂನ್ಯ ಬಾಕಿಯ ಮೂಲ ಉಳಿತಾಯ ಖಾತೆ ಎಲ್ಲ ಬ್ಯಾಂಕುಗಳಲ್ಲೂ ಇರಲೇಬೇಕೆಂಬ ನಿಯಮವಿದೆ. ಕೌಂಟರಿನಲ್ಲಿ ತಾವಾಗಿ ಹೇಳುವುದಿಲ್ಲ, ನೀವು ಕೇಳಬೇಕು. ಅಂಚೆ ಕಚೇರಿಯ ಉಳಿತಾಯ ಖಾತೆ 500 ರೂಪಾಯಿ ಬಾಕಿಗೆ ಶೇ 4 ಕೊಡುತ್ತದೆ, ದೊಡ್ಡ ಬ್ಯಾಂಕುಗಳಿಗಿಂತ ಹೆಚ್ಚು.

ಎಟಿಎಂ ಶುಲ್ಕವನ್ನೂ ಮರೆಯಬೇಡಿ. ಉಚಿತ ಮಿತಿ ದಾಟಿದ ಪ್ರತಿ ವ್ಯವಹಾರಕ್ಕೆ ಬ್ಯಾಂಕುಗಳು 23 ರೂಪಾಯಿವರೆಗೆ ಹಿಡಿಯಬಹುದು, ಅದರ ಮೇಲೆ ತೆರಿಗೆ. ತಿಂಗಳಿಗೆ ಎರಡು ಬಾರಿ ಹಾಗೆ ಮಾಡಿದರೆ ಮೇಲೆ ಲೆಕ್ಕ ಹಾಕಿದ 455 ರೂಪಾಯಿ ಅಲ್ಲಿಗೇ ಮಾಯ.

ಆರ್‌ಡಿ ಮತ್ತು ಎಫ್‌ಡಿ

ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವೇ ಬರುವ ಹಣಕ್ಕೆ ಆರ್‌ಡಿ, ಒಮ್ಮೆಲೇ ಬಂದ ಹಣಕ್ಕೆ ಎಫ್‌ಡಿ (ನಿಶ್ಚಿತ ಅವಧಿಯ ಠೇವಣಿ). ಇಷ್ಟೇ ವ್ಯತ್ಯಾಸ. ಆರು ತಿಂಗಳಿಂದ ಮೂರು ವರ್ಷದೊಳಗೆ ಬೇಕಾಗುವ, ಬೇಕಾಗುವ ದಿನ ಮೊದಲೇ ಗೊತ್ತಿರುವ ಹಣಕ್ಕೆ ಬ್ಯಾಂಕಿನ ಆರ್‌ಡಿಗಿಂತ ಒಳ್ಳೆಯದು ನನಗೆ ಕಂಡಿಲ್ಲ. ಮುಂದಿನ ಜೂನ್‌ನ ಕಾಲೇಜು ಶುಲ್ಕ, ಲ್ಯಾಪ್‌ಟಾಪ್, ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ, ಇಂಥವು.

ಬ್ಯಾಂಕ್ ಆರ್‌ಡಿ ಮತ್ತು ಅಂಚೆ ಆರ್‌ಡಿಗಳನ್ನು ಒಂದೇ ತಕ್ಕಡಿಗೆ ಹಾಕಬೇಡಿ. ಬ್ಯಾಂಕಿನಲ್ಲಿ ಅವಧಿ ನಿಮ್ಮ ಇಷ್ಟ, ಒಂದು ವರ್ಷಕ್ಕೂ ಸಿಗುತ್ತದೆ. ಅಂಚೆಯಲ್ಲಿ ಐದು ವರ್ಷ, ಬೇರೆ ಅವಧಿಯೇ ಇಲ್ಲ. ದರ ಶೇ 6.7, ತಿಂಗಳಿಗೆ 100 ರೂಪಾಯಿಯಿಂದ ಶುರು. ಸಾವಿರದಂತೆ ಅರವತ್ತು ತಿಂಗಳು ಕಟ್ಟಿದರೆ 60,000ಕ್ಕೆ ಕೈಗೆ ಬರುವುದು ಸುಮಾರು 71,366. ಕೇಳಲು ಚೆನ್ನಾಗಿದೆ. ಆದರೆ ಮೂರು ವರ್ಷ ತುಂಬುವ ಮೊದಲು ಖಾತೆ ಮುಚ್ಚಲು ಬರುವುದಿಲ್ಲ. ಮೂರು ವರ್ಷದ ನಂತರ ಮುಚ್ಚಿದರೂ, ಅವಧಿಗೆ ಒಂದೇ ದಿನ ಬಾಕಿಯಿದ್ದರೂ, ಸಿಗುವುದು ಉಳಿತಾಯ ಖಾತೆಯ ಶೇ 4 ಮಾತ್ರ. ಹನ್ನೊಂದು ಸಾವಿರ ಚಿಲ್ಲರೆ ಬಡ್ಡಿ ಆರು ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಪದವಿ ಮುಗಿಸಿ ಬೇರೆ ಊರಿಗೆ ಹೋಗುವ ಅಂದಾಜಿರುವವರು ಐದು ವರ್ಷದ ಮಾತು ಕೊಡುವ ಮುನ್ನ ಯೋಚಿಸಲಿ. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ಹನ್ನೆರಡು ಕಂತು ಕಟ್ಟಿದ ಮೇಲೆ ಜಮೆಯಾದ ಹಣದ ಅರ್ಧದಷ್ಟು ಸಾಲ ಸಿಗುತ್ತದೆ, ಆರ್‌ಡಿ ದರಕ್ಕಿಂತ ಎರಡು ಅಂಕ ಹೆಚ್ಚು ಬಡ್ಡಿಗೆ. ಖಾತೆ ಮುರಿಯುವ ಬದಲು ಈ ಸಾಲವೇ ವಾಸಿ ಎಂಬ ಸಂದರ್ಭಗಳು ಬರುತ್ತವೆ.

ಎಫ್‌ಡಿ ಇಡುವವರಿಗೆ ಒಂದೇ ಮಾತು. 30,000 ಇದ್ದರೆ ಒಂದೇ ರಸೀದಿ ಮಾಡಿಸಬೇಡಿ, ಹತ್ತು ಹತ್ತು ಸಾವಿರದ ಮೂರು ಮಾಡಿಸಿ. ಅವಧಿಗೆ ಮೊದಲು ಮುರಿದರೆ ಅಷ್ಟು ದಿನಕ್ಕೆ ಸಲ್ಲುವ ಕಡಿಮೆ ದರ ಕೊಟ್ಟು, ಅದರಲ್ಲೂ ಅರ್ಧದಿಂದ ಒಂದು ಅಂಕ ಕಳೆಯುವುದು ಬ್ಯಾಂಕುಗಳ ರೂಢಿ. ಎಂಟು ಸಾವಿರ ಬೇಕಾದಾಗ ಮೂವತ್ತನ್ನೂ ಮುರಿಯುವುದೇಕೆ?

ಪಿಗ್ಮಿ

ಪಿಗ್ಮಿ ನಮ್ಮ ಕರಾವಳಿಯ ಕೊಡುಗೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಇದನ್ನು ಆರಂಭಿಸಿತು: ಏಜೆಂಟ್ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ವಸೂಲಿ ಮಾಡಿಕೊಂಡು ಹೋಗುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತದ ಜನರಿಗೆ ಬ್ಯಾಂಕನ್ನೇ ಕಳಿಸಿಕೊಟ್ಟ ಜಾಣತನವದು. ಆ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾದಲ್ಲಿ ವಿಲೀನವಾಯಿತು. ಪಿಗ್ಮಿ ಮಾತ್ರ ಉಳಿದುಕೊಂಡಿದೆ, ಹೆಚ್ಚಾಗಿ ಸಹಕಾರ ಸಂಘಗಳಲ್ಲಿ. ಸಂಜೆ ಪೇಟೆಯಲ್ಲಿ ಬೈಕ್ ನಿಲ್ಲಿಸಿ, ಅಂಗಡಿಯಿಂದ ಅಂಗಡಿಗೆ ಹೋಗಿ, ಕೈಯಲ್ಲಿನ ಪುಟ್ಟ ಯಂತ್ರದಿಂದ ಬೆರಳಗಲದ ರಸೀದಿ ಹರಿದು ಕೊಡುವವರನ್ನು ನೀವೂ ನೋಡಿರುತ್ತೀರಿ.

ಬಡ್ಡಿಯಲ್ಲಿ ಪಿಗ್ಮಿ ಆರ್‌ಡಿಗೆ ಸಾಟಿಯಲ್ಲ. ವಸೂಲಿಗೆ ಬರುವವರ ಕಮಿಷನ್ ಎಲ್ಲಿಂದಲೋ ಬರಬೇಕಲ್ಲ. ಬೇಗ ಮುಚ್ಚಿದರೆ ಬಡ್ಡಿಯೇ ಇಲ್ಲದೆ, ಅಸಲಿನಲ್ಲೂ ಸ್ವಲ್ಪ ಕಳೆದು ಕೊಡುವ ಸಂಘಗಳಿವೆ. ಆದರೂ ದಿನಗೂಲಿ ಪಡೆಯುವ ವಿದ್ಯಾರ್ಥಿಗೆ, ಬೇಕರಿಯಲ್ಲೋ ಮೊಬೈಲ್ ಅಂಗಡಿಯಲ್ಲೋ ಸಂಜೆ ಆರರಿಂದ ಹತ್ತರವರೆಗೆ ನಿಂತು ಕೈಗೆ ನೋಟು ಪಡೆಯುವವರಿಗೆ ಇದು ಆರ್‌ಡಿಗಿಂತ ಹೊಂದುತ್ತದೆ ಎಂದೇ ನನ್ನ ಅನಿಸಿಕೆ. ತಿಂಗಳ ಕೊನೆಗೆ 1,500 ಕಟ್ಟುತ್ತೇನೆಂದು ಅಂದುಕೊಂಡವರ ಜೇಬಿನಲ್ಲಿ ಆ ಹೊತ್ತಿಗೆ 300 ಇರುತ್ತದೆ. ದಿನಕ್ಕೆ 50 ಕೊಟ್ಟವರ ಪಾಸ್‌ಬುಕ್ಕಿನಲ್ಲಿ 1,500 ಇರುತ್ತದೆ. ಕಡಿಮೆ ಬಡ್ಡಿಯ ನಿಜವಾದ ಉಳಿತಾಯ, ಹೆಚ್ಚು ಬಡ್ಡಿಯ ಕಾಗದದ ಮೇಲಿನ ಉಳಿತಾಯಕ್ಕಿಂತ ಮೇಲು. ರಸೀದಿಯನ್ನು ಅಂದಂದೇ ಪಡೆಯಿರಿ. ವಾರಕ್ಕೊಮ್ಮೆ ಬರೆದುಕೊಡುತ್ತೇನೆ ಎಂಬ ಏಜೆಂಟ್ ಎಷ್ಟೇ ಪರಿಚಿತರಾಗಿದ್ದರೂ ಒಪ್ಪಬೇಡಿ.

ಬ್ಯಾಂಕೋ ಸಂಘವೋ: ಬೋರ್ಡನ್ನು ಎರಡು ಸಲ ಓದಿ

ಈ ಬರಹದಲ್ಲಿ ಒಂದೇ ಒಂದು ಭಾಗವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಸಹಕಾರ ಬ್ಯಾಂಕುಗಳಲ್ಲಿ ಇಟ್ಟ ಠೇವಣಿಗೆ ಡಿಐಸಿಜಿಸಿ ಎಂಬ ನಿಗಮದ ವಿಮೆ ಇರುತ್ತದೆ. ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ, ಎಲ್ಲ ಶಾಖೆಗಳೂ ಸೇರಿ, ಅಸಲು ಬಡ್ಡಿ ಕೂಡಿ 5 ಲಕ್ಷದವರೆಗೆ. 2020ರ ಫೆಬ್ರುವರಿಯವರೆಗೆ ಈ ಮಿತಿ 1 ಲಕ್ಷ ಮಾತ್ರ ಇತ್ತು. ಬೆಂಗಳೂರಿನ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ನಿರ್ಬಂಧ ಹೇರಿ, ಒಬ್ಬರು 35,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ ಬಾಗಿಲಲ್ಲಿ ನಿಂತವರಲ್ಲಿ ಅನೇಕರು ನಿವೃತ್ತರು. 2021ರ ತಿದ್ದುಪಡಿಯ ನಂತರ, ಹೀಗೆ ನಿರ್ಬಂಧ ಬಿದ್ದ ಬ್ಯಾಂಕಿನ ಠೇವಣಿದಾರರಿಗೆ ವಿಮೆಯ ಹಣ 90 ದಿನಗಳಲ್ಲಿ ಸಿಗಬೇಕೆಂಬ ನಿಯಮ ಬಂದಿದೆ.

ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ ಇವುಗಳ ಕಥೆ ಬೇರೆ. ಇವು ಬ್ಯಾಂಕುಗಳಲ್ಲ. ಕೌಂಟರ್, ಪಾಸ್‌ಬುಕ್, ಲಾಕರ್, ಎಲ್ಲವೂ ಬ್ಯಾಂಕಿನಂತೆಯೇ ಇರುತ್ತದೆ, ಬಡ್ಡಿ ಒಂದೆರಡು ಅಂಕ ಹೆಚ್ಚೇ ಇರುತ್ತದೆ, ಆದರೆ ಡಿಐಸಿಜಿಸಿ ವಿಮೆ ಇಲ್ಲ. ಸಂಘಗಳು ತಮ್ಮ ಹೆಸರಿನಲ್ಲಿ ಬ್ಯಾಂಕ್ ಎಂದು ಬಳಸುವಂತಿಲ್ಲ, ಅವುಗಳ ಠೇವಣಿಗೆ ವಿಮೆ ಇರುವುದಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರ ನವೆಂಬರ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತ್ತು. ಹಾಗೆಂದು ಎಲ್ಲ ಸಂಘಗಳೂ ಮುಳುಗುತ್ತವೆ ಎಂದಲ್ಲ. ದಶಕಗಳಿಂದ ಚೊಕ್ಕವಾಗಿ ನಡೆದುಕೊಂಡು ಬಂದವು ಊರೂರಿನಲ್ಲಿವೆ. ಆದರೆ ಆ ಹೆಚ್ಚುವರಿ ಬಡ್ಡಿ ಪುಕ್ಕಟೆಯಲ್ಲ, ವಿಮೆ ಇಲ್ಲದಿರುವುದಕ್ಕೆ ಸಿಗುವ ಬೆಲೆ. ಅರ್ಥಶಾಸ್ತ್ರದ ಪುಸ್ತಕದಲ್ಲಿ ಅಪಾಯ ಮತ್ತು ಪ್ರತಿಫಲ ಎಂದು ಓದಿ ಪರೀಕ್ಷೆಗೆ ಬರೆಯುವುದು ಇದನ್ನೇ. ಪಿಗ್ಮಿ ಕಟ್ಟುತ್ತಿದ್ದರೆ ಸಂಘದಲ್ಲಿ ಗುಡ್ಡೆ ಹಾಕದೆ, ಅವಧಿ ಮುಗಿದ ಕೂಡಲೇ ಬ್ಯಾಂಕಿನ ಖಾತೆಗೆ ವರ್ಗಾಯಿಸಿಕೊಳ್ಳಿ.

ಚೀಟಿ

ಚೀಟಿಯನ್ನು ಉಳಿತಾಯ ಎಂದು ಕರೆದರೂ ಸರಿ, ಸಾಲ ಎಂದರೂ ಸರಿ. ಅದು ಎರಡೂ ಹೌದು, ನೀವು ಯಾವ ತಿಂಗಳು ಎತ್ತುತ್ತೀರಿ ಎಂಬುದರ ಮೇಲೆ. ಇಪ್ಪತ್ತು ಜನ, ತಿಂಗಳಿಗೆ 2,000, ಇಪ್ಪತ್ತು ತಿಂಗಳು: 40,000ದ ಚೀಟಿ. ತಿಂಗಳಿಗೊಬ್ಬರು ಹರಾಜಿನಲ್ಲಿ ಕೂಡಿದ ಹಣವನ್ನು ಎತ್ತಿಕೊಳ್ಳುತ್ತಾರೆ. ಐದನೆಯ ತಿಂಗಳು ಒಬ್ಬರಿಗೆ ತುರ್ತು. ಹರಾಜಿನಲ್ಲಿ 10,000 ಬಿಟ್ಟುಕೊಟ್ಟು 30,000ಕ್ಕೆ ಎತ್ತುತ್ತಾರೆ. ಆ ಹತ್ತು ಸಾವಿರದಲ್ಲಿ ಚೀಟಿ ನಡೆಸುವವರ ಕಮಿಷನ್, ಇಡೀ ಚೀಟಿಯ ಶೇ 5 ಎಂದರೆ, 2,000 ಹೋಯಿತು (2019ರ ತಿದ್ದುಪಡಿಯ ನಂತರ ಕಾನೂನು ಶೇ 7ರವರೆಗೆ ಬಿಡುತ್ತದೆ). ಉಳಿದ 8,000 ಇಪ್ಪತ್ತು ಜನರಿಗೆ ತಲಾ 400. ಆ ತಿಂಗಳು ಎಲ್ಲರೂ 1,600 ಕಟ್ಟಿದರೆ ಸಾಕು. ಎತ್ತಿದವರು ಮುಂದಿನ ಹದಿನೈದು ತಿಂಗಳು ಕಂತು ಕಟ್ಟುತ್ತಲೇ ಇರಬೇಕು. ಅವರ ಪಾಲಿಗೆ ಇದು ದುಬಾರಿ ಸಾಲ. ಕೊನೆಯವರೆಗೆ ಕಾದವರ ಪಾಲಿಗೆ ಒಳ್ಳೆಯ ಬಡ್ಡಿ. ಒಬ್ಬರ ತುರ್ತು ಇನ್ನೊಬ್ಬರ ಲಾಭ, ಮುಚ್ಚುಮರೆಯಿಲ್ಲದೆ.

ವ್ಯವಸ್ಥೆ ಸೊಗಸಾಗಿದೆ. ತೊಂದರೆ ಇರುವುದು ನಡೆಸುವವರಲ್ಲಿ. 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ನೋಂದಣಿಯಾದ ಚೀಟಿಯಲ್ಲಿ ನಡೆಸುವವರು ಮೊದಲೇ ಭದ್ರತಾ ಠೇವಣಿ ಇಡಬೇಕು, ವ್ಯಾಜ್ಯವಾದರೆ ನಿಬಂಧಕರ ಮುಂದೆ ಹೋಗಬಹುದು. ಕರ್ನಾಟಕ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಓಣಿಯ ಚೀಟಿಗೆ ಇದಾವುದೂ ಇಲ್ಲ, ನಂಬಿಕೆಯೊಂದೇ ಆಧಾರ. ಇನ್ನು ನೋಂದಾಯಿತ ಚೀಟಿ ಎತ್ತಲು ಜಾಮೀನು ಬೇಕು, ಸಾಮಾನ್ಯವಾಗಿ ಸಂಬಳದ ನೌಕರರದು. ಸಂಬಳದ ದಾಖಲೆ ಇಲ್ಲದ ವಿದ್ಯಾರ್ಥಿಗೆ ಎತ್ತಲು ಕಷ್ಟ, ಕಟ್ಟುವುದು ತಪ್ಪದು. ಕೆಲಸ ಸಿಗುವವರೆಗೆ ಇದರಿಂದ ದೂರ ಇರಿ.

ತಿಂಗಳು ತಿಂಗಳು ಲಾಭ ಹಂಚುತ್ತೇವೆ ಎನ್ನುವ ಕಂಪನಿಗಳದು ಚೀಟಿಯೂ ಅಲ್ಲ, ಠೇವಣಿಯೂ ಅಲ್ಲ. ಅಂಥದೇ ಹೂಡಿಕೆ ಕಂಪನಿಯಾದ ಬೆಂಗಳೂರಿನ ಐಎಂಎ 2019ರ ಜೂನ್‌ನಲ್ಲಿ ಬಾಗಿಲು ಹಾಕಿದಾಗ ಹಣ ಕಳೆದುಕೊಂಡವರಲ್ಲಿ ಮದುವೆಗೆ, ಮಕ್ಕಳ ಓದಿಗೆ ಕೂಡಿಟ್ಟವರೂ ಇದ್ದರು. ಅವರಿಗೆ ಅದಕ್ಕೂ ಮೊದಲು ಲಾಭಾಂಶ ತಪ್ಪದೆ ಬರುತ್ತಿತ್ತು. ನಂಬಿಕೆ ಹುಟ್ಟಿದ್ದೇ ಅದರಿಂದ.

ಚಿನ್ನ

ಅಜ್ಜಿ, ಅಮ್ಮ ಎಲ್ಲರೂ ಹೇಳುವುದು ಒಂದೇ: ಒಂದು ಗ್ರಾಂ ತೆಗೆದಿಡು, ಕಷ್ಟಕ್ಕಾಗುತ್ತದೆ. ಕಷ್ಟಕ್ಕೆ ಆಗುತ್ತದೆ ಎಂಬುದು ನಿಜ. ಚಿನ್ನದ ಮೇಲೆ ಸಾಲ ಸಿಗುವಷ್ಟು ಬೇಗ ಬೇರಾವುದರ ಮೇಲೂ ಸಿಗುವುದಿಲ್ಲ. ಒಡವೆಯನ್ನು ಉಳಿತಾಯ ಎಂದು ಕೊಂಡರೆ ಮಾತ್ರ ಲೆಕ್ಕ ತಪ್ಪುತ್ತದೆ. ಸುಲಭವಾಗಲೆಂದು ಗ್ರಾಂಗೆ 10,000 ಎಂದಿಟ್ಟುಕೊಳ್ಳೋಣ. ನಾಲ್ಕು ಗ್ರಾಂ ಉಂಗುರದ ಚಿನ್ನಕ್ಕೆ 40,000. ಮಜೂರಿ, ವೇಸ್ಟೇಜ್ ಸೇರಿ ಶೇ 12 ಎಂದರೆ 4,800. ಒಟ್ಟು ಮೊತ್ತಕ್ಕೆ ಶೇ 3 ಜಿಎಸ್‌ಟಿ 1,344. ಬಿಲ್ಲು 46,144. ಮರುದಿನವೇ ಮಾರಲು ಹೋದರೆ ಸಿಗುವುದು ಹೆಚ್ಚೆಂದರೆ 40,000. ಚಿನ್ನದ ಬೆಲೆ ಶೇ 15ಕ್ಕಿಂತ ಹೆಚ್ಚು ಏರಿದ ಮೇಲಷ್ಟೇ ನೀವು ಕೊಟ್ಟ ಹಣಕ್ಕೆ ಸಮ.

ಹಾಕಿಕೊಳ್ಳುವ ಆಸೆಗೆ ಕೊಂಡರೆ ಅದು ಖರ್ಚು, ಅದರಲ್ಲಿ ತಪ್ಪೇನಿಲ್ಲ. ಉಳಿಸಲೆಂದೇ ಆದರೆ ನಾಣ್ಯವೋ ಗೋಲ್ಡ್ ಇಟಿಎಫೋ (ಚಿನ್ನದ ಬೆಲೆಯನ್ನು ಹಿಂಬಾಲಿಸುವ, ಷೇರಿನಂತೆ ಕೊಂಡು ಮಾರುವ ಫಂಡು) ಮೇಲು. ಸರ್ಕಾರದ ಸಾವರಿನ್ ಗೋಲ್ಡ್ ಬಾಂಡ್ 2024ರ ಫೆಬ್ರುವರಿಯ ಕಂತಿನ ನಂತರ ಹೊಸದಾಗಿ ಬಂದಿಲ್ಲ. ಮೊಬೈಲ್ ಆಪ್‌ಗಳಲ್ಲಿ ಹತ್ತು ರೂಪಾಯಿಗೂ ಸಿಗುವ ಡಿಜಿಟಲ್ ಚಿನ್ನ ತನ್ನ ನಿಯಂತ್ರಣದಲ್ಲಿಲ್ಲ ಎಂದು ಷೇರುಪೇಟೆಯ ನಿಯಂತ್ರಕ ಸೆಬಿ 2025ರ ನವೆಂಬರ್‌ನಲ್ಲಿ ಹೇಳಿದೆ. ಎರಡನೆಯ ಪ್ರಶ್ನೆಗೆ, ಯಾರನ್ನು ಕೇಳಬೇಕು ಎಂಬುದಕ್ಕೆ, ಅಲ್ಲಿ ನೇರ ಉತ್ತರವಿಲ್ಲ. ಆಭರಣದಂಗಡಿಯ ಹನ್ನೊಂದು ತಿಂಗಳ ಯೋಜನೆಯೂ ಠೇವಣಿಯಲ್ಲ, ಅಂಗಡಿಗೆ ಕೊಟ್ಟ ಮುಂಗಡ. ಕೊನೆಗೆ ಸಿಗುವುದು ಒಡವೆಯೇ, ಮತ್ತೆ ಅದೇ ಮಜೂರಿ.

ಎಸ್‌ಐಪಿ

ಮ್ಯೂಚುವಲ್ ಫಂಡಿನ (ಹಲವರ ಹಣ ಕೂಡಿಸಿ ಷೇರು ಮುಂತಾದವುಗಳಲ್ಲಿ ಹೂಡುವ ನಿಧಿ) ತಿಂಗಳ ಕಂತಾದ ಎಸ್‌ಐಪಿಯನ್ನು ಆರ್‌ಡಿಯ ಜೊತೆ ಹೋಲಿಸುವುದೇ ಮೊದಲ ತಪ್ಪು. ಎರಡರಲ್ಲೂ ತಿಂಗಳಿಗೊಮ್ಮೆ ಹಣ ಹೋಗುತ್ತದೆ, ಹೋಲಿಕೆ ಅಲ್ಲಿಗೆ ಮುಗಿಯಿತು. ಆರ್‌ಡಿಯಲ್ಲಿ ಬ್ಯಾಂಕ್ ನಿಮಗೆ ಸಾಲಗಾರ. ಷೇರಿನ ಫಂಡಿನಲ್ಲಿ ನೀವು ಕಂಪನಿಗಳ ಪಾಲುದಾರರು. ಏರಿದರೆ ನಿಮ್ಮದು, ಇಳಿದರೂ ನಿಮ್ಮದೇ.

2020ರ ಫೆಬ್ರುವರಿ ಮಧ್ಯದಲ್ಲಿ ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 41,000ದ ಮೇಲಿತ್ತು. ಮಾರ್ಚ್ 23ರಂದು ಒಂದೇ ದಿನ ಶೇ 13ರಷ್ಟು ಕುಸಿದು 25,981ಕ್ಕೆ ನಿಂತಿತು. ಸೂಚ್ಯಂಕದೊಂದಿಗೇ ಏರಿಳಿಯುವ ಸೂಚ್ಯಂಕ ಫಂಡಿನಲ್ಲಿ 40,000 ಇದ್ದವರ ಪಾಸ್‌ಬುಕ್ಕಿನಲ್ಲಿ ಸುಮಾರು 25,000 ಕಂಡಿತು. ಮುಂದಿನ ಜನವರಿಯಲ್ಲಿ ಅದೇ ಸೆನ್ಸೆಕ್ಸ್ 50,000 ಮುಟ್ಟಿತು. ಒಂದೇ ಫಂಡು, ಒಂದೇ ಮೊತ್ತ. ಮಾರ್ಚ್ 23ರಂದೇ ಹಣ ಬೇಕಿದ್ದವರು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಳೆದುಕೊಂಡರು. ಕಾಯಲು ಸಾಧ್ಯವಿದ್ದವರು ಲಾಭ ಕಂಡರು. ಇಬ್ಬರಲ್ಲಿ ಒಬ್ಬರು ಜಾಣರು, ಇನ್ನೊಬ್ಬರು ದಡ್ಡರು ಎಂದಲ್ಲ. ಹಣ ಬೇಕಾಗುವ ದಿನ ಬೇರೆಯಾಗಿತ್ತು, ಅಷ್ಟೇ. ಐದಾರು ವರ್ಷ ಮುಟ್ಟುವುದಿಲ್ಲ ಎಂಬ ಹಣ ಮಾತ್ರ ಇಲ್ಲಿಗೆ.

ವಿದ್ಯಾರ್ಥಿಗೆ ಅಂಥ ಹಣ ಇರುವುದು ಅಪರೂಪ. ಆದರೂ 500 ರೂಪಾಯಿಯಿಂದ ಆರಂಭಿಸಿ ಎನ್ನುತ್ತೇನೆ, ಗಳಿಸಲು ಅಲ್ಲ, ತನ್ನ ಹಣ ಇಳಿದು ಕೆಂಪಾದಾಗ ತನಗೆ ಏನಾಗುತ್ತದೆ ಎಂದು ತಿಳಿಯಲು. 500ರಲ್ಲಿ ಕಲಿತರೆ 50,000ದಲ್ಲಿ ಗಾಬರಿಯಾಗುವುದಿಲ್ಲ. ಹದಿನೆಂಟು ತುಂಬಿರಬೇಕು, ಪ್ಯಾನ್ ಇರಬೇಕು. ಸಾಧಾರಣ ನಿಫ್ಟಿ 50 ಸೂಚ್ಯಂಕ ಫಂಡು ಸಾಕು. 2013ರಿಂದ ಎಲ್ಲ ಫಂಡುಗಳಿಗೂ ಡೈರೆಕ್ಟ್ ಎಂಬ ರೂಪವಿದೆ, ಅದರಲ್ಲಿ ಮಧ್ಯವರ್ತಿಯ ಕಮಿಷನ್ ಇರುವುದಿಲ್ಲ.

ಎಸ್‌ಐಪಿ ತೆರೆದ ಅದೇ ಆಪ್ ಮರುವಾರವೇ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ, ಅಂದರೆ ಮುಂದಿನ ಬೆಲೆಯ ಮೇಲೆ ಪಣ ಕಟ್ಟುವ ವ್ಯಾಪಾರಕ್ಕೆ, ಕರೆಯುತ್ತದೆ. ಹಾಸ್ಟೆಲ್‌ಗಳಲ್ಲಿ ಈ ಹುಚ್ಚು ಹಬ್ಬಿರುವುದರಿಂದ ಹೇಳುತ್ತಿದ್ದೇನೆ: 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದಂತೆ ಮೂರು ವರ್ಷಗಳಲ್ಲಿ ಇದರಲ್ಲಿ ತೊಡಗಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು.

ಪಿಪಿಎಫ್ ಮತ್ತು ಪಾಲಿಸಿ

ಪಿಪಿಎಫ್‌ಗೆ (ಸಾರ್ವಜನಿಕ ಭವಿಷ್ಯ ನಿಧಿ) ಶೇ 7.1 ಬಡ್ಡಿ, ಸರ್ಕಾರದ ಖಾತರಿ, ಆದರೆ 15 ವರ್ಷದ ಬೀಗ. ಓದುವವರಿಗೆ ಇದು ದೂರದ ಮಾತು ಅನಿಸುತ್ತದೆ. ಒಂದು ಉಪಾಯವಿದೆ: 15 ವರ್ಷದ ಲೆಕ್ಕ ಶುರುವಾಗುವುದು ಖಾತೆ ತೆರೆದ ವರ್ಷದಿಂದ, ದೊಡ್ಡ ಮೊತ್ತ ಹಾಕಿದ ವರ್ಷದಿಂದಲ್ಲ. ಇಪ್ಪತ್ತನೆಯ ವಯಸ್ಸಿಗೆ ತೆರೆದು ವರ್ಷಕ್ಕೆ ಕನಿಷ್ಠ 500 ಹಾಕುತ್ತಾ ಬಂದರೆ, ಕೆಲಸ ಸಿಕ್ಕಿ ಮೂವತ್ತನೆಯ ವಯಸ್ಸಿನಲ್ಲಿ ಹಾಕಿದ ಲಕ್ಷಕ್ಕೆ ಬೀಗ ಐದಾರು ವರ್ಷ ಮಾತ್ರ. ತಿಂಗಳ 5ನೇ ತಾರೀಖಿನೊಳಗೆ ಹಾಕಿದ ಹಣಕ್ಕೇ ಆ ತಿಂಗಳ ಬಡ್ಡಿ.

ಇನ್ನು ಯಾರೋ ಮಾವನವರು ತರುವ, ವಿಮೆಯೂ ಉಳಿತಾಯವೂ ಸೇರಿದ ಇಪ್ಪತ್ತು ವರ್ಷದ ಪಾಲಿಸಿ. ನಿಮ್ಮ ಆದಾಯವನ್ನು ನಂಬಿದವರು ಯಾರೂ ಇಲ್ಲದಿರುವಾಗ ಜೀವವಿಮೆ ಏತಕ್ಕೆ? ಮೊದಲ ವರ್ಷಗಳಲ್ಲಿ ಬಿಟ್ಟರೆ ಕಟ್ಟಿದ್ದರಲ್ಲಿ ದೊಡ್ಡ ಪಾಲು ಹೋಗುತ್ತದೆ. ನಯವಾಗಿ ಬೇಡವೆನ್ನಿ.

ಸಾಲ ಇದ್ದರೆ ಲೆಕ್ಕ ತಿರುಗುತ್ತದೆ

ಊರಿನಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ಅದು ತಿಂಗಳಿಗೆ. ವರ್ಷಕ್ಕೆ ಶೇ 36. ಬ್ಯಾಂಕ್ ಹೇಳುವ ದರ ವರ್ಷದ್ದು. ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡದೆಯೇ ಕೈಸಾಲ ಅಗ್ಗ ಎಂದುಕೊಂಡವರಿದ್ದಾರೆ. ಕ್ರೆಡಿಟ್ ಕಾರ್ಡಿನ ಬಾಕಿಗೂ ತಿಂಗಳಿಗೆ ಮೂರು, ಮೂರೂವರೆ ಬಿದ್ದು ವರ್ಷಕ್ಕೆ ಶೇ 40ರ ಹತ್ತಿರ ಹೋಗುತ್ತದೆ. ಇಂಥ ಸಾಲ ಇಟ್ಟುಕೊಂಡು ಶೇ 6ರ ಆರ್‌ಡಿ ಕಟ್ಟುವುದು ತೂತಿನ ಕೊಡಕ್ಕೆ ನೀರು ಹೊಯ್ದಂತೆ. ಮೊದಲು ಸಾಲ ತೀರಲಿ.

ಶಿಕ್ಷಣ ಸಾಲ ಹಾಗಲ್ಲ. ಓದುವ ಅವಧಿಯಲ್ಲಿ ಮತ್ತು ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಓದುವಾಗಲೇ ಬಡ್ಡಿ ಕಟ್ಟಿಕೊಂಡು ಹೋದವರಿಗೆ ದರದಲ್ಲಿ ಶೇ 1ರಷ್ಟು ರಿಯಾಯಿತಿ ಕೊಡುವ ಬ್ಯಾಂಕುಗಳಿವೆ, ಕೇಳಿ ನೋಡಿ. ಸಾಲದ ದರ ಶೇ 10, ಆರ್‌ಡಿಯದು ಶೇ 6 ಎಂದಾದರೆ ಬಡ್ಡಿ ಕಟ್ಟುವುದೇ ಲಾಭ. ಆದರೆ ಸಾಲಕ್ಕೆ ಕಟ್ಟಿದ ಹಣ ತುರ್ತಿಗೆ ವಾಪಸ್ ಬರುವುದಿಲ್ಲ. ಎಸ್‌ಬಿ ಖಾತೆಯಲ್ಲಿ ಎರಡು ತಿಂಗಳ ಖರ್ಚು ನಿಂತ ನಂತರವೇ ಇದಕ್ಕೆ ಕೈ ಹಾಕಿ.

ಯಾರಿಗೆ ಯಾವುದು

ಸರ್ಕಾರಿ ಹಾಸ್ಟೆಲ್ ಸಿಗದೆ ಹೊರಗಿದ್ದು ಸರ್ಕಾರದ ವಿದ್ಯಾಸಿರಿ ನೆರವನ್ನೇ ನಂಬಿದವರಿಗೆ ಶೂನ್ಯ ಬಾಕಿಯ ಖಾತೆಯೊಂದೇ ಸಾಕು. ಆ ಹಣ ಹೂಡಿಕೆಗೆ ಬಂದದ್ದಲ್ಲ, ಊಟಕ್ಕೆ, ವಸತಿಗೆ ಬಂದದ್ದು. ಪದವಿ ಮುಗಿಸಿ ಕೆಲಸ ಹುಡುಕುತ್ತಾ ಯುವನಿಧಿಯ 3,000 ಪಡೆಯುತ್ತಿರುವವರು ಅದು ಎರಡು ವರ್ಷಕ್ಕೆ ನಿಲ್ಲುತ್ತದೆ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಲಿ. ಸಾವಿರ ಮಿಗಿಸಲು ಸಾಧ್ಯವಾದರೆ ಒಂದು ವರ್ಷದ ಬ್ಯಾಂಕ್ ಆರ್‌ಡಿ, ಐದು ವರ್ಷದ ಅಂಚೆ ಆರ್‌ಡಿ ಖಂಡಿತ ಅಲ್ಲ. ಮನೆಯಲ್ಲೇ ಇದ್ದುಕೊಂಡು ಅಪ್ರೆಂಟಿಸ್ ಭತ್ಯೆ ಪಡೆಯುವವರ ಸ್ಥಿತಿ ಎಲ್ಲರಿಗಿಂತ ಅನುಕೂಲದ್ದು: ಎರಡು ತಿಂಗಳ ಖರ್ಚು ಕೂಡಿದ ಮೇಲೆ ಆರ್‌ಡಿ, ಅದರ ಪಕ್ಕದಲ್ಲಿ 500ರ ಎಸ್‌ಐಪಿ, ವರ್ಷಕ್ಕೊಮ್ಮೆ 500 ಹಾಕುವ ಪಿಪಿಎಫ್. ದಿನಗೂಲಿಯವರಿಗೆ ಪಿಗ್ಮಿ ಹೊಂದುತ್ತದೆ ಎಂದು ಆಗಲೇ ಹೇಳಿದೆ.

ಕೊನೆಯದಾಗಿ ಹಳೆಯ ಖಾತೆಗಳ ವಿಚಾರ. ಪಿಯುಸಿಯಲ್ಲಿ ಒಂದು, ಪದವಿಗೆ ಬಂದಾಗ ಕಾಲೇಜಿನವರು ಹೇಳಿದರೆಂದು ಇನ್ನೊಂದು, ಆಪ್ ನೋಡಿ ಮತ್ತೊಂದು, ಹೀಗೆ ಮೂರು ಖಾತೆ ಇಟ್ಟುಕೊಂಡವರು ಬೇಕಾದಷ್ಟಿದ್ದಾರೆ. ಸರ್ಕಾರದ ನೇರ ವರ್ಗಾವಣೆಯ ಹಣ ಬರುವುದು ಆಧಾರ್ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನ ಮಂಜೂರಾಗಿದೆ ಎಂದಿದ್ದೂ ಹಣ ಕಾಣದಿದ್ದರೆ ಮೊದಲು ನೋಡಬೇಕಾದದ್ದು ಮರೆತ ಆ ಮೂರನೆಯ ಖಾತೆಯನ್ನು. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ, ಹತ್ತು ವರ್ಷ ಕೇಳದ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ; ಅದನ್ನು ಹುಡುಕಲು 2023ರಿಂದ ಉದ್ಗಮ್ ಎಂಬ ಪೋರ್ಟಲ್ ಇದೆ. ಒಂದನ್ನು ಉಳಿಸಿಕೊಂಡು ಉಳಿದವನ್ನು ಮುಚ್ಚಿಸಿ. ಉಳಿಸಿಕೊಂಡದ್ದಕ್ಕೆ ನಾಮಿನಿಯ ಹೆಸರು ಬರೆಸಿ, ಮೊಬೈಲ್ ಸಂಖ್ಯೆ ಬದಲಾದಾಗ ಬ್ಯಾಂಕಿಗೂ ತಿಳಿಸಿ.